ಕುಡಗೋಲಿನ ಮೇಲಿನ ಕಲೆ

ಬಾಳೆಯ ರಸ ಬಟ್ಟೆಗೆ ತಗುಲಿದಾಗ ನೀರಿನಂತೆ ಕಾಣುತ್ತದೆ. ಒಣಗಿದ ಮೇಲೆ ಕಂದು, ಆಮೇಲೆ ಕಪ್ಪು. ಎಷ್ಟು ಒಗೆದರೂ ಹೋಗುವುದಿಲ್ಲ. ಅದಕ್ಕೇ ನಮ್ಮ ಅವ್ವ ತೋಟಕ್ಕೆಂದೇ ಒಂದು ಹಳೆ ಸೀರೆ ಇಟ್ಟುಕೊಂಡಿದ್ದಾಳೆ.

ಆರು ವರ್ಷದ ಹಿಂದೆ ಇದೇ ಕಲೆ ನೋಡಿ ನಮ್ಮ ಮನೆಯವರು ಒಬ್ಬ ಮನುಷ್ಯನನ್ನು ಕಳ್ಳ ಎಂದು ತೀರ್ಮಾನಿಸಿದೆವು. ಆ ತೀರ್ಮಾನಕ್ಕೆ ಮೊದಲ ಸಾಕ್ಷಿ ಹೇಳಿದವಳು ನಾನು. ಈಗ ಕಲಬುರಗಿಯಲ್ಲಿ ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಒಂದು ಕೊಲೆ ಪ್ರಕರಣದ ಮೇಲ್ಮನವಿಯ ವಿಚಾರಣೆ ಕೇಳುತ್ತಾ ಕುಳಿತಿದ್ದಾಗ ಆ ಕುಡಗೋಲು ಇದ್ದಕ್ಕಿದ್ದಂತೆ ನೆನಪಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹನ್ನೊಂದು ಗೊನೆ

ನಮ್ಮದು ಕಮಲಾಪುರದ ಹತ್ತಿರದ ಹಳ್ಳಿ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಸುಮಾರು 35 ಕಿ.ಮೀ. ಬಂದರೆ ಕಮಲಾಪುರ. ಜಿಐ ಟ್ಯಾಗ್ ಪಡೆದ ಕೆಂಪು ಬಾಳೆಯ ಊರು ಎಂದರೆ ಬೇರೆ ಜಿಲ್ಲೆಯವರಿಗೂ ಬೇಗ ಗುರುತು ಸಿಗುತ್ತದೆ. ಈ ಬಾಳೆ ಬೇರೆ ತಳಿಗಿಂತ ನಿಧಾನಕ್ಕೆ ಬೆಳೆಯುತ್ತದೆ. ಅದಕ್ಕೇ ಒಂದೊಂದು ಗೊನೆಯ ಮೇಲೂ ಮನೆಯವರ ಕಣ್ಣಿರುತ್ತದೆ.

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದೆ. ಶ್ರಾವಣ ಮಾಸ, ಬಾಳೆಗೆ ಒಳ್ಳೆ ಬೆಲೆ ಇತ್ತು. ಒಂದು ಮುಂಜಾನೆ ಮುತ್ಯಾ ತೋಟಕ್ಕೆ ಹೋಗಿ ಬರಿಗೈಯಲ್ಲಿ ಓಡಿ ಬಂದರು. ರಾತ್ರಿ ಯಾರೋ ಹನ್ನೊಂದು ಗೊನೆ ಕಡಿದುಕೊಂಡು ಹೋಗಿದ್ದರು.

ತೋಟದಲ್ಲಿ ಕೂಲಿಗೆ ಬರುತ್ತಿದ್ದವರನ್ನು ನಾವು ಮಕ್ಕಳು ‘ತೋಟದ ಕಾಕಾ’ ಎಂದು ಕರೆಯುತ್ತಿದ್ದೆವು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸಿದವರು ಅವರು. ಆದರೆ ಅವತ್ತು ಮನೆಯಂಗಳದಲ್ಲಿ ಎಲ್ಲರೂ ಸೇರಿದಾಗ ನನ್ನ ಬಾಯಿಂದ ಬಂದ ಮಾತು ಇದು: ‘ನಿನ್ನೆ ಸಂಜಿಮುಂದ ಕಾಕಾ ಚೀಲ ಹಿಡಕೊಂಡು ತೋಟದ ಕಡೆ ಹೊಂಟಿದ್ದ. ನಾ ನೋಡೀನಿ.’

ಅದು ಸುಳ್ಳಲ್ಲ. ನಾನು ನೋಡಿದ್ದೆ.

ಆ ಮಾತಿನ ಹಿಂದೆಯೇ ಉಳಿದವೆಲ್ಲ ಸಾಲಾಗಿ ಬಂದವು. ಹಿಂದಿನ ವಾರ ಕಾಕಾ ಮುತ್ಯಾನ ಹತ್ತಿರ ಐದು ಸಾವಿರ ಕೈಸಾಲ ಕೇಳಿದ್ದರು, ಮುತ್ಯಾ ಕೊಟ್ಟಿರಲಿಲ್ಲ. ಅವರ ಗುಡಿಸಿಲಿಗೆ ಹೋಗಿ ನೋಡಿದರೆ ಸೂರಿಗೆ ಸಿಕ್ಕಿಸಿದ್ದ ಕುಡಗೋಲಿನ ಮೇಲೆ ಬಾಳೆಯ ಕಲೆ. ಮನುಷ್ಯ ಮಾತ್ರ ಇಲ್ಲ, ಬೆಳಗಿನ ಮೊದಲ ಬಸ್ಸಿಗೇ ಊರು ಬಿಟ್ಟಿದ್ದರು. ಫೋನ್ ಮಾಡಿದರೆ ‘ಹುಮನಾಬಾದ್‌ನಾಗ ಬೀಗರ ಮನೀಗಿ ಬಂದೀನ್ರಿ’ ಎಂದರು. ಬೀಗರಿಗೆ ಕೇಳಿದರೆ ಅಲ್ಲಿಗೆ ಬಂದೇ ಇಲ್ಲ.

‘ಕುಡಗೋಲಿಗಿ ಹಸೀ ಕಲಿ ಹತ್ಯಾದ. ಇನ್ನೇನ್ ಸಾಕ್ಷಿ ಬೇಕು?’ ಎಂದರು ಮುತ್ಯಾ. ಯಾರೂ ಎದುರು ಮಾತಾಡಲಿಲ್ಲ.

ಪೊಲೀಸರಿಗೆ ದೂರು ಕೊಡಲಿಲ್ಲ. ‘ಬಡವ, ಹೋಗಲಿ ಬಿಡು’ ಎಂಬ ದೊಡ್ಡತನ ಬೇರೆ ತೋರಿಸಿದೆವು. ಅವರಿಗೆ ಕೊಡಬೇಕಿದ್ದ ಕೂಲಿಯನ್ನು ಮಾತ್ರ ತಡೆದೆವು. ಊರಲ್ಲಿ ಸುದ್ದಿ ಹಬ್ಬಲು ಅರ್ಧ ದಿನವೂ ಬೇಕಾಗಲಿಲ್ಲ. ತಿಂಗಳೊಳಗೆ ಕಾಕಾನ ಹೆಂಡತಿ ಗುಡಿಸಿಲು ಖಾಲಿ ಮಾಡಿದರು. ಏಳನೇ ತರಗತಿಯಲ್ಲಿದ್ದ ಮಗಳ ಶಾಲೆ ನಿಂತಿತು.

ಕೋರ್ಟ್ ಹಾಲ್‌ನ ಹಿಂದಿನ ಬೆಂಚು

ಕಲಬುರಗಿಯಲ್ಲಿ ಹೈಕೋರ್ಟ್ ಸಂಚಾರಿ ಪೀಠ ಶುರುವಾದದ್ದು 2008ರ ಜುಲೈನಲ್ಲಿ. 2013ರಲ್ಲಿ ಅದು ಕಾಯಂ ಪೀಠವಾಯಿತು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರದ ಜನ ಅದಕ್ಕೆ ಮೊದಲು ಒಂದು ಮೇಲ್ಮನವಿಗಾಗಿ ಬೆಂಗಳೂರಿನ ತನಕ ಹೋಗಬೇಕಿತ್ತು. ಇಲ್ಲಿಂದ ಅಲ್ಲಿಗೆ ಸುಮಾರು 600 ಕಿ.ಮೀ. ವಕೀಲರ ಫೀಜು ಬೇರೆ, ರೈಲಿನ ಖರ್ಚು ಬೇರೆ, ಕೂಲಿ ಹೋದ ದಿನಗಳ ಲೆಕ್ಕ ಬೇರೆ.

ಇಂಟರ್ನ್‌ಶಿಪ್‌ಗೆಂದು ನಾನು ಸೇರಿಕೊಂಡ ಸೀನಿಯರ್ ವಕೀಲರ ಹತ್ತಿರ ಒಂದು ಕೊಲೆ ಪ್ರಕರಣದ ಮೇಲ್ಮನವಿ ಇತ್ತು. ಅದರ ಊರು, ಹೆಸರು ಇಲ್ಲಿ ಬೇಡ. ಕೊಂದದ್ದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಎಲ್ಲವೂ ಸಾಂದರ್ಭಿಕ ಸಾಕ್ಷ್ಯ. ಸತ್ತವನ ಜೊತೆ ಆರೋಪಿಯನ್ನು ಕೊನೆಯದಾಗಿ ನೋಡಿದ್ದೇವೆ ಎಂದವರು ಇಬ್ಬರು, ಹಳೆಯ ಜಗಳ ಒಂದು, ಆರೋಪಿಯೇ ತೋರಿಸಿಕೊಟ್ಟ ಎನ್ನಲಾದ ಒಂದು ಆಯುಧ. ಸೆಷನ್ಸ್ ಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿತ್ತು.

ಪೇಪರ್ ಬುಕ್ ಓದಿ ದಿನಾಂಕಗಳ ಪಟ್ಟಿ ಮಾಡುವುದು ನನ್ನ ಕೆಲಸ. ಮೇಲ್ಮನವಿಯ ಕೋರ್ಟಿಗೆ ಸಾಮಾನ್ಯವಾಗಿ ಸಾಕ್ಷಿಗಳು ಬರುವುದಿಲ್ಲ, ಕಾಗದ ಬರುತ್ತದೆ. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿ ನುಡಿದವರ ಹೇಳಿಕೆ, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಪ್ರಯೋಗಾಲಯದ ವರದಿ, ಇವನ್ನೆಲ್ಲ ಇಬ್ಬರು ನ್ಯಾಯಮೂರ್ತಿಗಳ ಪೀಠ ಮೊದಲಿನಿಂದ ಮತ್ತೆ ಓದುತ್ತದೆ. ಹೈಕೋರ್ಟಿಗೆ ಹೋದರೆ ಬರೀ ಕಾನೂನಿನ ತಪ್ಪು ನೋಡುತ್ತಾರೆ ಎಂದು ನಾನು ತಿಳಿದಿದ್ದೆ. ಶಿಕ್ಷೆಯ ವಿರುದ್ಧದ ಮೊದಲ ಮೇಲ್ಮನವಿಯಲ್ಲಿ ಹಾಗಲ್ಲ. ಸಾಕ್ಷ್ಯವನ್ನು ಹೊಸದಾಗಿ ತೂಗಿ ನೋಡುವುದು ಆ ಕೋರ್ಟಿನ ಕರ್ತವ್ಯ.

ವಿಚಾರಣೆಯ ದಿನ ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಮುದುಕಿ ಕುಳಿತಿದ್ದರು. ಜೈಲಿನಲ್ಲಿದ್ದವನ ತಾಯಿ. ವಾದವೆಲ್ಲ ಇಂಗ್ಲಿಷಿನಲ್ಲಿ. ನ್ಯಾಯಮೂರ್ತಿಗಳು ಸರ್ಕಾರಿ ವಕೀಲರಿಗೆ ಒಂದರ ಹಿಂದೊಂದು ಪ್ರಶ್ನೆ ಹಾಕುತ್ತಿದ್ದರು. ಕೊನೆಯ ಸಲ ಜೊತೆಯಲ್ಲಿ ನೋಡಿದ್ದು ಎಷ್ಟು ಗಂಟೆಗೆ? ಶವ ಸಿಕ್ಕಿದ್ದು ಯಾವಾಗ? ನಡುವಿನ ಅಷ್ಟು ಹೊತ್ತಿನಲ್ಲಿ ಬೇರೆ ಯಾರೂ ಅಲ್ಲಿಗೆ ಬಂದಿರಲು ಸಾಧ್ಯವೇ ಇಲ್ಲ ಎಂದು ಹೇಗೆ ಹೇಳುತ್ತೀರಿ? ಆಯುಧ ಸಿಕ್ಕ ಜಾಗ ಬಯಲೋ, ಬೀಗ ಹಾಕಿದ ಮನೆಯೋ? ಅದರ ಮೇಲೆ ರಕ್ತ ಇದೆ ಎನ್ನುತ್ತೀರಿ, ಯಾರ ರಕ್ತ, ಯಾವ ಗುಂಪು?

‘ಏನಂದ್ರವ್ವಾ ಸಾಹೇಬ್ರು?’ ಎಂದು ಮುದುಕಿ ಕೇಳಿದರು.

‘ಇನ್ನಾ ಏನೂ ಹೇಳಿಲ್ಲ ಆಯಿ. ಬರೇ ಪ್ರಶ್ನೆ ಕೇಳಕತ್ಯಾರ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಊರಾಗ ಯಾರೂ ಇಷ್ಟು ಕೇಳಲಿಲ್ಲ’ ಎಂದರು.

ಆ ದಿನ ಪೀಠ ತೀರ್ಪು ಕಾಯ್ದಿರಿಸಿತು. ನಾನು ಹಾಸ್ಟೆಲಿಗೆ ಬಂದೆ. ಮುದುಕಿಯ ಮಾತು ಮಾತ್ರ ಕಿವಿಯಲ್ಲೇ ಇತ್ತು.

ಐದು ಸೂತ್ರ

ಸಾಂದರ್ಭಿಕ ಸಾಕ್ಷ್ಯದ ಪಾಠ ಶುರುವಾಗುವುದೇ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಿಂದ. ಮದುವೆಯಾಗಿ ನಾಲ್ಕೇ ತಿಂಗಳಿಗೆ, 1982ರ ಜೂನ್‌ನಲ್ಲಿ, ಪುಣೆಯಲ್ಲಿ ಒಬ್ಬ ಯುವತಿ ಸೈನೈಡ್‌ನಿಂದ ಸತ್ತಳು. ಗಂಡನಿಗೆ ಸೆಷನ್ಸ್ ಕೋರ್ಟ್ ಮರಣದಂಡನೆ ವಿಧಿಸಿತು, ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 1984ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಆಕೆ ತಾನೇ ವಿಷ ತೆಗೆದುಕೊಂಡಿರುವ ಸಾಧ್ಯತೆಯನ್ನು ತಳ್ಳಿಹಾಕಲು ಆಗಿಲ್ಲ ಎಂಬುದು ಮುಖ್ಯ ಕಾರಣ. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಫಜಲ್ ಅಲಿ ಐದು ಸೂತ್ರ ಹೇಳಿ, ಅದಕ್ಕೆ ‘ಪಂಚಶೀಲ’ ಎಂದು ಹೆಸರಿಟ್ಟರು. ನನ್ನ ಮಾತಿನಲ್ಲಿ ಹೇಳುವುದಾದರೆ ಅವು ಹೀಗಿವೆ.

ಮೊದಲನೆಯದು, ಯಾವ ಸಂಗತಿಗಳ ಮೇಲೆ ತೀರ್ಮಾನ ನಿಂತಿದೆಯೋ ಆ ಪ್ರತಿಯೊಂದು ಸಂಗತಿಯೂ ಪೂರ್ತಿಯಾಗಿ ರುಜುವಾತಾಗಬೇಕು. ‘ಇರಬಹುದು’ ನಡೆಯದು. ಎರಡು, ಆ ಸಂಗತಿಗಳು ಆರೋಪಿಯ ಅಪರಾಧಕ್ಕೆ ಮಾತ್ರ ಹೊಂದಬೇಕು, ಬೇರೆ ವಿವರಣೆಗೆ ಎಡೆ ಇರಬಾರದು. ಮೂರು, ಅವು ನಿರ್ಣಾಯಕ ಸ್ವಭಾವದವಾಗಿರಬೇಕು. ನಾಲ್ಕು, ರುಜುವಾತು ಮಾಡಬೇಕಾದ ಒಂದು ಊಹೆಯನ್ನು ಬಿಟ್ಟು ಉಳಿದೆಲ್ಲ ಊಹೆಗಳನ್ನೂ ಅವು ಅಳಿಸಿಹಾಕಬೇಕು. ಐದು, ಸಾಕ್ಷ್ಯದ ಸರಪಳಿ ಎಲ್ಲೂ ತುಂಡಾಗಿರಬಾರದು. ಆರೋಪಿ ನಿರಪರಾಧಿ ಎನ್ನಲು ಸಕಾರಣವಾದ ಯಾವ ಆಧಾರವೂ ಉಳಿಯದಷ್ಟು ಅದು ಪೂರ್ಣವಾಗಿರಬೇಕು.

ಆ ತೀರ್ಪು ಇನ್ನೂ ಒಂದು ಮಾತು ಹೇಳುತ್ತದೆ. ಆರೋಪಿ ಸುಳ್ಳು ಹೇಳಿದ ಎಂಬುದು ಸರಪಳಿಯಲ್ಲಿ ಇಲ್ಲದ ಕೊಂಡಿಯನ್ನು ತಂದು ಜೋಡಿಸುವುದಿಲ್ಲ. ಉಳಿದ ಕೊಂಡಿಗಳೆಲ್ಲ ಮೊದಲೇ ಗಟ್ಟಿಯಾಗಿದ್ದರೆ ಮಾತ್ರ ಆ ಸುಳ್ಳು ಮತ್ತೊಂದು ಕೊಂಡಿಯಾದೀತು.

‘ಗೊತ್ತಿದ್ದವನೇ ಹೇಳಲಿ’ ಎಂಬ ವಾದವೂ ಕೋರ್ಟಿನಲ್ಲಿ ಬರುತ್ತದೆ. ಒಬ್ಬನಿಗೆ ಮಾತ್ರ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ಅವನೇ ರುಜುವಾತು ಮಾಡಬೇಕು ಎನ್ನುವ ನಿಯಮ ಹಳೆಯ ಸಾಕ್ಷ್ಯ ಅಧಿನಿಯಮದ 106ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 109ನೇ ಕಲಮು. ಆದರೆ 1956ರಲ್ಲೇ ಶಂಭುನಾಥ್ ಮೆಹ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ, ಈ ಕಲಮಿನ ನೆಪದಲ್ಲಿ ಪ್ರಾಸಿಕ್ಯೂಷನ್ ತನ್ನ ಹೊರೆಯನ್ನು ಆರೋಪಿಯ ತಲೆಗೆ ಸಾಗಿಸುವಂತಿಲ್ಲ.

ಇವನ್ನೆಲ್ಲ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಆ ರಾತ್ರಿ ಹಾಸ್ಟೆಲಿನಲ್ಲಿ ಒಂದು ಹಾಳೆ ತೆಗೆದುಕೊಂಡು ಕಾಕಾನ ‘ಪ್ರಕರಣ’ ಬರೆಯುತ್ತಾ ಹೋದೆ. ಕೊನೆಯದಾಗಿ ಕಂಡದ್ದು, ಚೀಲ, ಕೈಸಾಲ, ಕುಡಗೋಲು, ಊರು ಬಿಟ್ಟದ್ದು, ಸುಳ್ಳು ಹೇಳಿದ್ದು. ಆರು ಕೊಂಡಿ. ಒಂದೊಂದರ ಮುಂದೆಯೂ ‘ಬೇರೆ ವಿವರಣೆ ಇದೆಯೇ?’ ಎಂದು ಬರೆದೆ.

ಕುಡಗೋಲಿನ ಮುಂದೆ ಬಂದಾಗ ಕೈ ನಿಂತಿತು. ದಿನವೂ ಬಾಳೆಯ ಒಣ ಎಲೆ, ಕಂದು ಕಡಿಯುವ ಮನುಷ್ಯನ ಕುಡಗೋಲಿನ ಮೇಲೆ ಬಾಳೆಯ ಕಲೆ ಇಲ್ಲದ ದಿನ ಯಾವುದಿತ್ತು? ಅವತ್ತು ನಮ್ಮ ಮನೆಯಲ್ಲಿದ್ದ ಮೂರು ಕುಡಗೋಲುಗಳ ಮೇಲೂ ಅದೇ ಕಲೆ ಇದ್ದಿರಬೇಕು. ನಾವು ನೋಡಿದ್ದು ಗುಡಿಸಿಲಿನಲ್ಲಿದ್ದುದನ್ನು ಮಾತ್ರ.

ಆಮೇಲೆ ಚೀಲ. ಕೆಂಪು ಬಾಳೆಯ ಒಂದು ಗೊನೆ ಹೊರಲು ಒಬ್ಬ ಆಳು ಬೇಕು. ಹನ್ನೊಂದು ಗೊನೆ ಒಂದು ಗೋಣಿಚೀಲದಲ್ಲಿ ಹೇಗೆ ಹೋದೀತು? ರಾತ್ರಿ ಒಂದು ಗಾಡಿ ಬಂದಿರಲೇಬೇಕು. ಗಣಿತದಲ್ಲಿ ನೂರಕ್ಕೆ ತೊಂಬತ್ತು ತೆಗೆಯುತ್ತಿದ್ದ ನಾನು ಆ ಲೆಕ್ಕ ಮಾಡಿರಲಿಲ್ಲ.

ಹೊಂದಿಸುವ ಖುಷಿ

ನಿಜ ಏನೆಂದು ನಮ್ಮ ಮನೆಗೆ ಗೊತ್ತಾಗಿದ್ದು ಹೋದ ವರ್ಷ. ಮುತ್ಯಾಗೆ ಕಾಯಿಲೆ ಜೋರಾಗಿದ್ದಾಗ ದೊಡ್ಡಪ್ಪನ ಮಗ, ನನ್ನ ಅಣ್ಣ, ಹಾಸಿಗೆಯ ಪಕ್ಕ ಕುಳಿತು ಅತ್ತ. ಕ್ರಿಕೆಟ್ ಬೆಟ್ಟಿಂಗ್‌ನಲ್ಲಿ ಸಾಲವಾಗಿತ್ತಂತೆ. ಗೆಳೆಯನ ಟೆಂಪೊ ತಂದು ಅವನೇ ಗೊನೆ ಕಡಿಸಿದ್ದ. ಮನೆಯಂಗಳದಲ್ಲಿ ನಾನು ಸಾಕ್ಷಿ ಹೇಳುವಾಗ ಅವನು ಬಾಗಿಲಿಗೆ ಒರಗಿ ನಿಂತಿದ್ದ. ಮುತ್ಯಾ ಏನೂ ಅನ್ನಲಿಲ್ಲ, ಗೋಡೆ ಕಡೆ ಹೊರಳಿ ಮಲಗಿದರು. ಮನೆಯ ಮಾತು ಮನೆಯಲ್ಲೇ ಇರಲಿ ಎಂದು ಹಿರಿಯರು ತೀರ್ಮಾನಿಸಿದರು. ನಾನೂ ಸುಮ್ಮನಿದ್ದೆ.

ಅಣ್ಣ ಮಾಡಿದ್ದು ತಪ್ಪೇ. ಆದರೆ ಅವನು ಕಾಕಾನ ಹೆಸರು ಎತ್ತಿರಲಿಲ್ಲ. ಅದು ನಮ್ಮದೇ ಕೆಲಸ. ಅಷ್ಟು ಬೇಗ ಹೇಗೆ ನಂಬಿದೆವು ಎಂಬ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಒಂದು ಹಳೆಯ ಪ್ರಕರಣದಲ್ಲಿ. 1952ರ ಹನುಮಂತ ಗೋವಿಂದ ನರಗುಂದಕರ್ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ಸಾಂದರ್ಭಿಕ ಸಾಕ್ಷ್ಯಕ್ಕೆ ಬುನಾದಿ. ಅದು ಕೊಲೆ ಪ್ರಕರಣವಲ್ಲ, ಫೋರ್ಜರಿಯದು. ಸಾರ್ಡಾ ತೀರ್ಪು ನಿಂತಿರುವುದು ಅದರ ಮೇಲೆಯೇ. ಅದರಲ್ಲಿ 1838ರ ಇಂಗ್ಲೆಂಡಿನ ಹಾಜ್ ಎಂಬ ಕೊಲೆ ಪ್ರಕರಣದ ನೆನಪು ಬರುತ್ತದೆ. ಅಲ್ಲಿ ಬ್ಯಾರನ್ ಆಲ್ಡರ್ಸನ್ ಎಂಬ ನ್ಯಾಯಾಧೀಶ ಜ್ಯೂರಿಗೆ ಎಚ್ಚರಿಕೆ ಕೊಟ್ಟಿದ್ದ. ಮನುಷ್ಯನ ಮನಸ್ಸಿಗೆ ಸಂಗತಿಗಳನ್ನು ಒಂದಕ್ಕೊಂದು ಹೊಂದಿಸುವುದರಲ್ಲಿ ಒಂದು ಬಗೆಯ ಖುಷಿ ಇದೆ. ಹೊಂದದಿದ್ದರೆ ಸ್ವಲ್ಪ ಎಳೆದಾದರೂ ಹೊಂದಿಸುತ್ತದೆ, ಇಲ್ಲದ ಕೊಂಡಿಯನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಬುದ್ಧಿ ಚುರುಕಾದಷ್ಟೂ ಈ ಅಪಾಯ ಹೆಚ್ಚು ಎಂಬುದು ಅವನ ಮಾತಿನ ಸಾರ.

ಓದುತ್ತಾ ನನಗೆ ಆ ಮುಂಜಾನೆಯೇ ನೆನಪಾಯಿತು. ನನ್ನ ಮಾತಿಗೆ ಎಲ್ಲರೂ ತಲೆಯಾಡಿಸಿದಾಗ ನನಗೆ ಒಳಗೊಳಗೇ ಹೆಮ್ಮೆ ಅನಿಸಿತ್ತು. ಹುಡುಗಿ ಜಾಣೆ ಎಂದು ದೊಡ್ಡಪ್ಪ ಅಂದದ್ದು ಇನ್ನೂ ನೆನಪಿದೆ.

ಹಾಗಾದರೆ ನಂಬಲೇಬಾರದೇ?

ಇಷ್ಟು ಓದಿದ ಮೇಲೆ ನಿಮಗೆ ಅನಿಸಬಹುದು, ಕಣ್ಣಾರೆ ಕಂಡವರಿಲ್ಲದಿದ್ದರೆ ಯಾರಿಗೂ ಶಿಕ್ಷೆಯೇ ಆಗಬಾರದೇ ಎಂದು. ನಾನೂ ಕೆಲವು ದಿನ ಹಾಗೆ ಯೋಚಿಸಿದ್ದೆ. ಸೀನಿಯರ್ ಹತ್ತಿರ ಹೇಳಿದಾಗ, ಸ್ವಾಮಿ ಶ್ರದ್ಧಾನಂದ ಪ್ರಕರಣ ಓದಿಕೊಂಡು ಬಾ ಎಂದರು.

ಮೈಸೂರು ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರೆ 1991ರ ಮೇ ಕೊನೆಯಲ್ಲಿ ಬೆಂಗಳೂರಿನಿಂದ ಕಾಣೆಯಾದರು. ಕೇಳಿದವರಿಗೆಲ್ಲ ಅವರ ಎರಡನೇ ಗಂಡ, ಸ್ವಾಮಿ ಶ್ರದ್ಧಾನಂದ ಎಂದು ಕರೆಸಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರಾ, ಒಂದೊಂದು ಕಥೆ ಹೇಳುತ್ತಾ ಹೋದ. ಮಗಳು ಪಟ್ಟು ಬಿಡಲಿಲ್ಲ. 1994ರ ಮಾರ್ಚ್‌ನಲ್ಲಿ ರಿಚ್‌ಮಂಡ್ ರಸ್ತೆಯ ಅವರದೇ ಮನೆಯ ಅಂಗಳದಲ್ಲಿ, ಅವನೇ ತೋರಿಸಿದ ಜಾಗದಲ್ಲಿ ಅಗೆದಾಗ, ಮರದ ಪೆಟ್ಟಿಗೆಯಲ್ಲಿ ಅಸ್ಥಿಪಂಜರ ಸಿಕ್ಕಿತು. ಕೊಂದದ್ದನ್ನು ನೋಡಿದವರು ಯಾರೂ ಇರಲಿಲ್ಲ. ಆದರೆ ಪೆಟ್ಟಿಗೆ ಮಾಡಿಸಿದ್ದು, ಗುಂಡಿ ತೋಡಿಸಿದ್ದು, ಆಸ್ತಿಯ ವ್ಯವಹಾರ, ಡಿಎನ್‌ಎ ಪರೀಕ್ಷೆ, ಹೀಗೆ ಒಂದೊಂದು ಕೊಂಡಿಯೂ ಬೇರೆ ಬೇರೆ ಕಡೆಯಿಂದ ಬಂದು, ಬೇರೆ ಬೇರೆಯಾಗಿ ರುಜುವಾತಾಯಿತು. 2005ರಲ್ಲಿ ಸೆಷನ್ಸ್ ಕೋರ್ಟ್ ಮರಣದಂಡನೆ ಕೊಟ್ಟಿತು, ಹೈಕೋರ್ಟ್ ಎತ್ತಿಹಿಡಿಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಅಪರಾಧ ಸಾಬೀತಾಗಿದೆ ಎಂಬುದನ್ನು ಒಪ್ಪಿ, ಗಲ್ಲಿನ ಬದಲು ಬದುಕಿರುವಷ್ಟು ಕಾಲ ಜೈಲು ಎಂದಿತು. ಸಾಂದರ್ಭಿಕ ಸಾಕ್ಷ್ಯ ಇಲ್ಲದಿದ್ದರೆ ಆ ತಾಯಿಯ ಸಾವಿಗೆ ನ್ಯಾಯವೇ ಸಿಗುತ್ತಿರಲಿಲ್ಲ.

ಇದರ ಎದುರಿಗೆ ಇತ್ತೀಚಿನ ಇನ್ನೊಂದು ಪ್ರಕರಣ ಇಟ್ಟು ನೋಡಿ. ಕೊಡಗಿನ ಕುಶಾಲನಗರ ಕಡೆಯ ಬುಡಕಟ್ಟಿನ ಒಬ್ಬ ಕೂಲಿಕಾರನ ಹೆಂಡತಿ ಕಾಣೆಯಾದಳು. ಮೈಸೂರು ಜಿಲ್ಲೆಯ ಬೆಟ್ಟದಪುರ ಕಡೆ ಒಂದು ಅಸ್ಥಿಪಂಜರ ಸಿಕ್ಕಿತ್ತು. ಅದು ಅವಳದ್ದೇ ಎಂದು ತೀರ್ಮಾನವಾಗಿ, ಗಂಡನೇ ಕೊಂದಿದ್ದಾನೆ ಎಂದು ಪ್ರಕರಣ ದಾಖಲಾಯಿತು. ಡಿಎನ್‌ಎ ಹೊಂದಲಿಲ್ಲ ಎಂಬ ವರದಿ ಬಂದ ಮೇಲೂ ವಿಚಾರಣೆ ಮುಂದುವರಿಯಿತು. ಜೈಲಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಆತ. 2025ರ ಏಪ್ರಿಲ್‌ನಲ್ಲಿ ಅದೇ ಹೆಂಡತಿ ಮಡಿಕೇರಿಯ ಒಂದು ಹೋಟೆಲಿನಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ಅದೇ ತಿಂಗಳು ಮೈಸೂರಿನ ಕೋರ್ಟ್ ಆತನನ್ನು ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಕೊಲೆಯೇ ಆಗದ ಕೊಲೆಗೆ ಅಷ್ಟೊಂದು ಸಂಗತಿಗಳು ಹೊಂದಿಕೊಂಡಿದ್ದವು.

ಎರಡೂ ಪ್ರಕರಣದಲ್ಲಿ ಹೆಂಡತಿ ಕಾಣೆಯಾಗಿದ್ದಳು, ಗಂಡನ ಮೇಲೆ ಅನುಮಾನ ಬಂದಿತ್ತು, ಮೂಳೆಗಳು ಸಿಕ್ಕಿದ್ದವು. ಒಂದರಲ್ಲಿ ಪ್ರತಿ ಕೊಂಡಿಯನ್ನೂ ಎಳೆದು ನೋಡಿದ್ದರು. ಇನ್ನೊಂದರಲ್ಲಿ ಮೊದಲ ಕೊಂಡಿಯೇ, ಸತ್ತವರು ಯಾರು ಎಂಬುದೇ, ಗಟ್ಟಿಯಾಗಿರಲಿಲ್ಲ. ಸಂಶಯ ಎಷ್ಟೇ ಬಲವಾಗಿದ್ದರೂ ಅದು ರುಜುವಾತಿನ ಜಾಗಕ್ಕೆ ಬರದು ಎಂದು ತೀರ್ಪುಗಳು ಮತ್ತೆ ಮತ್ತೆ ಯಾಕೆ ಹೇಳುತ್ತವೆ ಎಂಬುದು ನನಗೆ ಈಗ ತಿಳಿಯುತ್ತದೆ.

ಇನ್ನೊಂದು ಮಾತು. ಇಂಥ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಇರುವುದು 60 ದಿನ. ಗಲ್ಲು ಶಿಕ್ಷೆಯಾದರೆ 30 ದಿನ. ವಕೀಲರಿಗೆ ಹಣ ಇಲ್ಲದವರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100 ಸಂಖ್ಯೆಗೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ನನ್ನ ಪಕ್ಕ ಕುಳಿತಿದ್ದ ಮುದುಕಿಗೆ ಇದು ಗೊತ್ತಾಗಲು ಎರಡು ವರ್ಷ ಹಿಡಿದಿತ್ತು. ನಿಮ್ಮ ಊರಿನಲ್ಲಿ ಯಾರಿಗಾದರೂ ಬೇಕಾದೀತು, ಹೇಳಿ.

ಗಂಜ್‌ನಲ್ಲಿ

ಕೊಲೆ ಆರೋಪಿಗೂ ಕೊನೆಗೆ ಒಂದು ಮೇಲ್ಮನವಿ ಇದೆ. ಕಾಕಾನಿಗೆ ಇರಲಿಲ್ಲ. ನಮ್ಮಂಗಳದ ತೀರ್ಪು ಅಂತಿಮವಾಗಿತ್ತು. ‘ನೀನೇನಾದರೂ ಹೇಳುವುದಿದೆಯೇ?’ ಎಂದು ಕೋರ್ಟಿನಲ್ಲಿ ಪ್ರತಿ ಆರೋಪಿಯನ್ನೂ ಕೇಳಲೇಬೇಕು, ಅದಕ್ಕೊಂದು ಕಲಮೇ ಇದೆ. ನಾವು ಅದನ್ನೂ ಕೇಳಿರಲಿಲ್ಲ.

ಅವ್ವನಿಗೆ ಮಾತ್ರ ಹೇಳಿ ಹುಡುಕತೊಡಗಿದೆ. ಕಾಕಾ ಎರಡು ವರ್ಷದಿಂದ ಕಲಬುರಗಿಯಲ್ಲೇ ಇದ್ದರು, ನನ್ನ ಹಾಸ್ಟೆಲಿನಿಂದ ಆಟೊದಲ್ಲಿ ಹದಿನೈದು ನಿಮಿಷ. ಗಂಜ್‌ನಲ್ಲಿ ತೊಗರಿ ಚೀಲ ಹೊರುವ ಹಮಾಲಿ ಕೆಲಸ.

ಮುತ್ಯಾನ ಹಳೆಯ ವಹಿಯಲ್ಲಿ ಆ ತಿಂಗಳ ಪುಟ ಸಿಕ್ಕಿತ್ತು. ಕಾಕಾನ ಹೆಸರಿನ ಮುಂದೆ 22 ಗೀಟು. ಆಗಿನ ದಿನಗೂಲಿ 300 ರೂಪಾಯಿ. ಟ್ಯೂಷನ್ ಹೇಳಿ ಉಳಿಸಿದ್ದರಲ್ಲಿ 6,600 ರೂಪಾಯಿ ಲಕೋಟೆಗೆ ಹಾಕಿಕೊಂಡು ಹೋದೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತು. ನನ್ನನ್ನು ನೋಡಿ ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಚೀಲದ ಮೇಲೆ ಟವೆಲ್ ಹಾಸಿ, ‘ಕುಂದ್ರವ್ವಾ’ ಎಂದರು.

ಎಲ್ಲ ಹೇಳಿದೆ. ಅಣ್ಣನ ವಿಷಯವನ್ನೂ ಹೇಳಿದೆ. ಅವರು ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡರು. ಅವತ್ತು ಹುಮನಾಬಾದ್ ಎಂದು ಯಾಕೆ ಹೇಳಿದಿರಿ ಎಂದು ಕೇಳಿದೆ. ಹೈದರಾಬಾದ್‌ನ ಮೇಸ್ತ್ರಿಯೊಬ್ಬನ ಹತ್ತಿರ ಮಗಳ ಆಸ್ಪತ್ರೆ ಖರ್ಚಿಗೆಂದು ಮುಂಗಡ ತೆಗೆದುಕೊಂಡಿದ್ದರಂತೆ. ಹೇಳಿದರೆ ಮುತ್ಯಾ ಹೋಗಗೊಡುವುದಿಲ್ಲ ಎಂಬ ಹೆದರಿಕೆಗೆ ಸುಳ್ಳು ಹೇಳಿದ್ದರು. ಚೀಲ ಹಿಡಿದು ಹೋದದ್ದು ಆಡಿಗೆ ಮೇವು ತರಲು.

‘ನಾ ಅವತ್ತು ಹಂಗ ಹೇಳಬಾರದಿತ್ತು ಕಾಕಾ’ ಎಂದೆ.

‘ನೀ ಸುಳ್ಳ ಹೇಳಿಲ್ಲವ್ವಾ. ನೀ ನೋಡಿದ್ದು ಖರೇನೇ ಅದ’ ಎಂದರು. ನೀರು ಕುಡಿದು, ‘ಚೀಲದಾಗ ಏನಿತ್ತು ಅಂತ ಒಬ್ಬರರ ಕೇಳಿದ್ರ ಛಲೋ ಇತ್ತು’ ಎಂದರು.

ಮಗಳ ಬಗ್ಗೆ ಕೇಳಿದೆ. ಶಾಲೆ ಮತ್ತೆ ಹಿಡಿಯಲಿಲ್ಲ. ಈಗ ಮದುವೆಯಾಗಿದೆ. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನನಗೆ ಕೇಳಲು ಬಾಯಿ ಬರಲಿಲ್ಲ.

ಲಕೋಟೆ ಕೊಟ್ಟು, ಇಪ್ಪತ್ತೆರಡು ದಿನದ ಕೂಲಿ ಎಂದೆ. ಅವರು ಕೈ ಒರೆಸಿಕೊಂಡು ನಿಧಾನಕ್ಕೆ ಎಣಿಸಿದರು. ಎಣಿಸಿ ಆರುನೂರು ರೂಪಾಯಿ ತೆಗೆದು ನನ್ನ ಕೈಗೆ ವಾಪಸ್ ಇಟ್ಟರು.

‘ಇಪ್ಪತ್ತೆರಡ ಅಲ್ಲವ್ವಾ, ಇಪ್ಪತ್ತು. ಎರಡ ದಿನ ನಾ ಬಂದಿದ್ದಿಲ್ಲ. ಹುಡುಗಿಗಿ ಜ್ವರ ಬಂದಿದ್ವು.’

ವಹಿಯಲ್ಲಿ ಬರೆದದ್ದು ಇಪ್ಪತ್ತೆರಡೇ ಎಂದು ಹೇಳಿದೆ. ‘ಬರದವರು ತಪ್ಪಿ ಬರದಾರ’ ಎಂದು ಅವರು ಎದ್ದರು. ಲಾರಿ ಬಂದಿತ್ತು.

ಆರುನೂರು ರೂಪಾಯಿ ಇನ್ನೂ ನನ್ನ ಪುಸ್ತಕದೊಳಗೆ ಇದೆ. ಮುಂದಿನ ವಾರ ಊರಿಗೆ ಹೋಗುತ್ತಿದ್ದೇನೆ. ಮುತ್ಯಾ ಈಗ ಎದ್ದು ಓಡಾಡುತ್ತಾರೆ, ಸಂಜೆ ಮನೆಯಂಗಳದಲ್ಲಿ ನಾಲ್ಕು ಜನ ಸೇರುತ್ತಾರೆ. ಆ ದಿನ ಸಾಕ್ಷಿ ಹೇಳಿದ ಜಾಗದಲ್ಲೇ ನಿಂತು, ಕಾಕಾನ ಹೆಸರು ಹಿಡಿದು, ಎಲ್ಲರ ಮುಂದೆ ಹೇಳಬೇಕಾದದ್ದು ಇದೆ. ಮನೆಯವರಿಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ಅವ್ವ ಮಾತ್ರ, ‘ಹೇಳು, ನಾ ಇರ್ತೀನಿ’ ಎಂದಿದ್ದಾಳೆ.